ನೀರಿನ ತಪ್ಪಲ್ಲ

ನಮ್ಮ ಮನೆ, ಊಟದ ಮೇಜು
ಗುರುವಾರ, ಅಕ್ಟೋಬರ್ ೧೭

ಪ್ರೀತಿಯ ಇವಳೇ,

ಬೆನ್ನು ಹೇಗಿದೆ? ಹೊಲಿಗೆ ಬಿಚ್ಚಿದ ಜಾಗ ಇನ್ನೂ ತುರಿಸುತ್ತಿದೆಯೇ? ಸೊಂಟದ ಪಟ್ಟಿ ಕಟ್ಟಿಕೊಂಡೇ ಓಡಾಡುತ್ತಿದ್ದೀಯೋ, ಇಲ್ಲಾ ಡಾಕ್ಟರು ಆ ಕಡೆ ತಿರುಗಿದ ಕೂಡಲೇ ಬಿಚ್ಚಿ ಮೂಲೆಗೆ ಎಸೆಯುತ್ತಿದ್ದೀಯೋ? ನಿಮ್ಮಕ್ಕನನ್ನು ಕೇಳಿದರೆ 'ಅವಳೆಲ್ಲಿ ಹೇಳಿದ ಮಾತು ಕೇಳ್ತಾಳೆ' ಅನ್ನುತ್ತಾರೆ. ನಿನ್ನನ್ನು ಕೇಳಿದರೆ 'ಅಕ್ಕ ನನ್ನನ್ನ ಹಾಸಿಗೆಯಿಂದ ಏಳೋಕೇ ಬಿಡಲ್ಲ' ಅನ್ನುತ್ತೀಯ. ಇಬ್ಬರ ಮಾತನ್ನೂ ಕೂಡಿಸಿ ಅರ್ಧ ಮಾಡಿಕೊಂಡು, ನೀನು ಸುಧಾರಿಸುತ್ತಿದ್ದೀಯ ಎಂದು ನಾನು ಅಂದಾಜು ಮಾಡಿಕೊಂಡಿದ್ದೇನೆ. ಷಡ್ಡಕರಿಗೆ ನನ್ನ ನಮಸ್ಕಾರ ತಿಳಿಸು. ಅವರ ಮಂಡಿನೋವಿನ ಬಗ್ಗೆ ನಾನು ವಿಚಾರಿಸಿದೆನೆಂದು ಮಾತ್ರ ಹೇಳಬೇಡ. ಹೇಳಿದರೆ ಉತ್ತರ ಕೇಳಿಸಿಕೊಳ್ಳಲು ನಾನು ಅಲ್ಲಿಗೆ ಬಂದು ಒಂದು ವಾರ ಉಳಿಯಬೇಕಾಗುತ್ತದೆ.

ಫೋನಿರುವಾಗ ಈ ಮನುಷ್ಯ ಪತ್ರ ಬರೆಯುವುದೇಕೆ ಎಂದು ನೀನು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಫೋನ್ ಮಾಡಿದರೆ ನಿಮ್ಮಕ್ಕ ಸ್ಪೀಕರ್ ಹಾಕುತ್ತಾರೆ, ನಮ್ಮ ಸಂಸಾರದ ಸಮಾಚಾರವೆಲ್ಲ ಅವರ ಪಕ್ಕದ ಮನೆಯ ಕಾಂಪೌಂಡು ದಾಟುತ್ತದೆ. ಅದು ಒಂದು. ಇನ್ನೊಂದು, ಫೋನಿನಲ್ಲಿ ನಾನು ಶುರು ಮಾಡಿದ ವಾಕ್ಯವನ್ನು ಮುಗಿಸುವವಳು ನೀನು. ಮದುವೆಯಾದಾಗಿನಿಂದ ಹಾಗೇ ನಡೆದುಕೊಂಡು ಬಂದಿದೆ, ನನಗೇನೂ ದೂರಿಲ್ಲ. ಎಷ್ಟೋ ಸಲ ನಾನು ಹೇಳಬೇಕೆಂದಿದ್ದಕ್ಕಿಂತ ಚೆನ್ನಾಗಿಯೇ ಮುಗಿಸಿದ್ದೀಯ. ಆದರೆ ಈ ಸಲದ ಸುದ್ದಿಯನ್ನು ನಾನೇ ಶುರು ಮಾಡಿ ನಾನೇ ಮುಗಿಸಬೇಕು. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ.

ದೊರೆ ಚೆನ್ನಾಗಿದ್ದಾನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ನೇರವಾಗಿ ಕೊನೆಯ ಹಾಳೆಗೆ ಹಾರುತ್ತೀಯ. ನೀನು ಹೋದ ಮೇಲೆ ಒಂದೇ ಸಲ ಫಿಟ್ಸ್ ಬಂತು, ಅದೂ ಚಿಕ್ಕದು, ಬಂದ ಹಾಗೇ ಹೋಯಿತು. ಬೆನ್ನಿನಲ್ಲಾಗಲಿ ಹಿಮ್ಮಡಿಯಲ್ಲಾಗಲಿ ಒಂದು ಹುಣ್ಣಿಲ್ಲ. ಊಟವನ್ನು ನೀನು ಹೇಳಿಕೊಟ್ಟ ಹಾಗೇ ನುಣ್ಣಗೆ ಅರೆದು, ಸೋಸಿ, ಅವನನ್ನು ಒರಗಿಸಿ ಕೂರಿಸಿ, ಗಂಟಲಿನಿಂದ ಇಳಿದದ್ದು ಖಚಿತವಾದ ಮೇಲೇ ಮುಂದಿನ ಚಮಚ ಕೊಡುತ್ತೇನೆ. ನಿನ್ನ ಮಿಕ್ಸಿ ಮಾತ್ರ ನಿನಗೆ ಹೆದರಿದಷ್ಟು ನನಗೆ ಹೆದರುವುದಿಲ್ಲ. ನೀನು ಹೋದ ಹೊಸದರಲ್ಲಿ ದೊರೆಯ ಕೋಣೆಯಲ್ಲೇ ಅರೆಯಲು ಹೋಗಿ, ಮುಚ್ಚಳ ಹಾರಿ ಬೀಟ್‌ರೂಟ್ ಸೂರಿಗೆ ಹೋಯಿತು. ಒರೆಸಿದ್ದೇನೆ, ಪೂರ್ತಿ ಹೋಗಿಲ್ಲ. ಏಜೆನ್ಸಿಯವರು ಕಳಿಸಿದ ಸಹಾಯಕ, ಅದೇ ನೀನು ಹೆಸರಿಟ್ಟ ಉದ್ದಣ್ಣ, ಬೆಳಿಗ್ಗೆ ಬಂದು ಸಂಜೆ ಹೋಗುತ್ತಾನೆ. ಬಾಗಿಲಿನ ಚೌಕಟ್ಟಿಗೆ ಹಣೆ ಬಡಿದುಕೊಳ್ಳುವುದನ್ನು ಬಿಟ್ಟಿದ್ದಾನೆ, ಶಿಳ್ಳೆ ಹಾಕುವುದನ್ನು ಬಿಟ್ಟಿಲ್ಲ. 'ನಾನು ಬಂದ ದಿನವೇ ಅವನನ್ನ ಕಳಿಸಿಬಿಡಿ, ನನ್ನ ಮಗನನ್ನ ನಾನು ನೋಡ್ಕೋತೀನಿ' ಎಂದು ಹೋದ ವಾರ ನೀನು ಅಪ್ಪಣೆ ಕೊಟ್ಟದ್ದು ನೆನಪಿದೆ. ಅದಕ್ಕೂ ಬರುತ್ತೇನೆ.

ವಿಷಯ ಏನೆಂದರೆ, ಪರಿಶೀಲನೆಗೆ ಬಂದಿದ್ದರು. ಮನೆಯಲ್ಲಿ ಮುಖ್ಯವಾಗಿ ನೋಡಿಕೊಳ್ಳುವವಳೇ ಆಸ್ಪತ್ರೆ ಸೇರಿದ ಮೇಲೆ, ಎಪ್ಪತ್ತರ ಹತ್ತಿರದ ಅಪ್ಪ ಒಬ್ಬನೇ ಇಂಥ ಮಗನನ್ನು ಇಟ್ಟುಕೊಂಡು ಏನು ಮಾಡುತ್ತಾನೆ ಎಂದು ಅಂಗವಿಕಲರ ಕಲ್ಯಾಣ ಇಲಾಖೆಯವರಿಗೆ ಅನುಮಾನ ಬಂದಿದೆ. ನಾವು ನೋಡಿಕೊಳ್ಳುವ ರೀತಿ ಅವರಿಗೆ ಒಪ್ಪಿಗೆಯಾದರೆ ದೊರೆ ಮನೆಯಲ್ಲೇ ಇರುತ್ತಾನೆ. ಇಲ್ಲದಿದ್ದರೆ ಅವನನ್ನು ಊರಾಚೆಯ ವಸತಿ ಕೇಂದ್ರಕ್ಕೆ ಸೇರಿಸಬೇಕು. ನಿನಗೆ ಬೇಕೆಂದೇ ಹೇಳಿರಲಿಲ್ಲ. ಹೇಳಿದ್ದರೆ ನೀನು ಹೊಲಿಗೆ ಸಮೇತ ಬಸ್ಸು ಹತ್ತಿಬಿಡುತ್ತಿದ್ದೆ.

ಬಂದವರು ಒಬ್ಬ ಮೇಡಂ. ಚಿಕ್ಕ ಆಕಾರ, ದೊಡ್ಡ ಚೀಲ, ಮಾತು ಕಮ್ಮಿ. ಲಿಫ್ಟ್ ತಪಾಸಣೆಗೆ ಬರುವವರನ್ನು ನಾನು ನೌಕರಿಯುದ್ದಕ್ಕೂ ನೋಡಿದ್ದೇನೆ. ಅವರಲ್ಲಿ ಎರಡೇ ಥರ: ಒಮ್ಮೆ ಮೇಲೆ ಹೋಗಿ ಕೆಳಗೆ ಬಂದು ಕಾಫಿ ಕುಡಿದು ಸಹಿ ಹಾಕುವವರು, ಮತ್ತೆ ಉಕ್ಕಿನ ಹಗ್ಗವನ್ನು ಕೈಯಲ್ಲಿ ಮುಟ್ಟಿ ನೋಡುವವರು. ಈಕೆ ಹಗ್ಗ ಮುಟ್ಟುವವರು ಎಂದು ಕುರ್ಚಿ ಕೊಟ್ಟಾಗಲೇ ಗೊತ್ತಾಯಿತು. ಕುರ್ಚಿ ಬೇಡವೆಂದು ನಿನ್ನ ಮೋಟು ಸ್ಟೂಲು ಎಳೆದುಕೊಂಡು ದೊರೆಯ ಮುಖದ ಮಟ್ಟಕ್ಕೆ ಕೂತರು. 'ನನಗೆ ಏನೂ ಗೊತ್ತಿಲ್ಲ ಅಂದ್ಕೊಂಡು ಇವರ ಬಗ್ಗೆ ಹೇಳಿ' ಅಂದರು. ನಾನು ಹೇಳಿದೆ. ವಯಸ್ಸು ಮೂವತ್ತನಾಲ್ಕು, ಹುಟ್ಟುವಾಗ ಉಸಿರು ಸಿಕ್ಕಿಕೊಂಡದ್ದು, ಕೈಕಾಲು ಹೇಳಿದ ಮಾತು ಕೇಳುವುದಿಲ್ಲ, ಎಡಮೊಣಕೈ ಮಾತ್ರ ಮನಸ್ಸು ಬಂದರೆ ಕೇಳುತ್ತದೆ, ಬಲಗಡೆ ಕಣ್ಣು ಕಾಣುವುದಿಲ್ಲ, ಮಾತಿಲ್ಲ, ಫಿಟ್ಸ್ ಇದೆ, ಗಟ್ಟಿ ಆಹಾರ ಇಳಿಯುವುದಿಲ್ಲ. ಹೂಂ ಅನ್ನಬೇಕಾದರೆ ಕಣ್ಣು ಮೇಲಕ್ಕೆತ್ತುತ್ತಾನೆ, ಬೇಡವೆಂದರೆ ಗಟ್ಟಿಯಾಗಿ ಮುಚ್ಚುತ್ತಾನೆ. ರೇಡಿಯೋದಲ್ಲಿ ಹವಾಮಾನ ವರದಿ ಎಂದರೆ ಪ್ರಾಣ. ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ನನಗೇ ಯಾರದೋ ಮನೆಯ ಹುಡುಗನ ಕಥೆ ಹೇಳಿದ ಹಾಗಾಯಿತು.

ಮೊದಲ ದಿನ ನಾವು ಮಾಡಿಕೊಂಡ ಅವಾಂತರ ನಿನಗೆ ಹೇಳಲೇಬೇಕು, ಏಕೆಂದರೆ ಅದರಲ್ಲಿ ಅರ್ಧ ಪಾಲು ನಿನ್ನದು. ಆಂಬುಲೆನ್ಸಿನಲ್ಲಿ ಮಲಗಿಕೊಂಡೇ ನೀನು ಕೂಗಿ ಹೇಳಿದ್ದೆಯಲ್ಲ, 'ರೀ, ಯಾರಾದ್ರೂ ನೋಡೋಕೆ ಬಂದ್ರೆ ಆ ರಾಟೆ ಬಿಚ್ಚಿಡ್ರೀ, ಮನೆಯೋ ಗೋದಾಮೋ ಅಂದ್ಕೋತಾರೆ' ಎಂದು. ನಾನು ಆಜ್ಞಾಪಾಲಕ. ದೊರೆಯನ್ನು ಎತ್ತಲು ಹಾಸಿಗೆಯ ಮೇಲೆ ತೊಲೆಗೆ ಜೋಡಿಸಿದ್ದ ರಾಟೆ, ಉಕ್ಕಿನ ಹಗ್ಗ, ದಪ್ಪ ಬಟ್ಟೆಯ ಜೋಲಿ ಎಲ್ಲವನ್ನೂ ಬಿಚ್ಚಿ ಮಂಚದ ಕೆಳಗೆ ತುರುಕಿದೆ. ದೊರೆಗೆ ಹೊಸ ಶರ್ಟು ತೊಡಿಸಿದೆ, ಕಾಲರ್ ಗುಂಡಿ ಸಮೇತ. ಅವನ ಕಿಟಕಿಯ ಹತ್ತಿರ ಬೀಟ್‌ರೂಟ್ ಕಲೆ ಕಾಣುತ್ತದೆಂದು ಗಾಲಿಕುರ್ಚಿಯನ್ನು ಹಾಲಿಗೆ ತಳ್ಳಿ, ಗೋಡೆಯ ಕಡೆ ಮುಖ ಮಾಡಿಸಿದೆ. ರೇಡಿಯೋ ಆರಿಸಿದೆ. ಅವನು ಒಂದು ಚಮಚ ಊಟ ಮುಟ್ಟಲಿಲ್ಲ, ಮುಷ್ಟಿ ಬಿಗಿ ಹಿಡಿದು ಕೂತ. ಮದುವೆಗೆ ಹೊರಟವನ ಹಾಗೆ ಸಿಂಗರಿಸಿ ಶಿಕ್ಷೆಗೆ ಕೂರಿಸಿದರೆ ಯಾರು ತಾನೇ ಉಣ್ಣುತ್ತಾರೆ.

ಆಮೇಲೆ ಮೇಡಂ, 'ಕುರ್ಚಿಯಿಂದ ಹಾಸಿಗೆಗೆ ಹೇಗೆ ಕರ್ಕೊಂಡು ಹೋಗ್ತೀರಿ, ಸ್ವಲ್ಪ ತೋರಿಸಿ' ಅಂದರು. ನಾನೂ ಉದ್ದಣ್ಣನೂ ಮುಖ ಮುಖ ನೋಡಿಕೊಂಡೆವು. ನೀನು ಹೋದಾಗಿನಿಂದ ನಾವು ಒಂದು ಸಲವೂ ಕೈಯಲ್ಲಿ ಎತ್ತಿದವರಲ್ಲ. 'ನನ್ನ ಮಗ ಏನು ಮೂಟೆನಾ, ನೇತು ಹಾಕೋಕೆ' ಎಂದು ರಾಟೆಯನ್ನು ದೂರವಿಟ್ಟು ಬೆನ್ನು ಮುರಿದುಕೊಂಡವಳು ನೀನೊಬ್ಬಳೇ. ಉದ್ದಣ್ಣ ಭುಜ ಹಿಡಿದ, ನಾನು ಮಂಡಿ ಹಿಡಿದೆ. ಗೊತ್ತಿಲ್ಲದ ಹಾಗೆ ಮುಟ್ಟಿದರೆ ದೊರೆಯ ಮೈ ಹಲಗೆಯಾಗುತ್ತದೆಂದು ನಿನಗೆ ಗೊತ್ತಲ್ಲ. ಹಲಗೆಯಾದ. ಜಾರಿದ. ನಾನು ಅವನ ಜೊತೆಗೇ ಹಾಸಿಗೆಯ ಮೇಲೆ ಬಿದ್ದೆ, ಉದ್ದಣ್ಣ ಗಾಬರಿಯಿಂದ ನೆಟ್ಟಗಾಗಿ ತೊಲೆಯ ಕೊಕ್ಕೆಗೆ ತಲೆ ಬಡಿದುಕೊಂಡ. ರಾಟೆ ಬಿಚ್ಚಿದ್ದೆ, ಕೊಕ್ಕೆ ಮರೆತಿದ್ದೆ. 'ಅದೇನು ಕೊಕ್ಕೆ?' ಅಂದರು ಮೇಡಂ. 'ಫ್ಯಾನಿಂದು' ಅಂದೆ. 'ಫ್ಯಾನ್ ಅಲ್ಲಿದೆಯಲ್ಲ?' ಅಂದರು. 'ಇದು ಹಳೇ ಫ್ಯಾನಿಂದು' ಅಂದೆ. ಅವರು ನಗಲಿಲ್ಲ. ದೊರೆಗೆ ಪೆಟ್ಟಾಗಿಲ್ಲ ಎಂದು ನೋಡಿ ಖಚಿತ ಮಾಡಿಕೊಂಡು, 'ಹೀಗೇ ಎತ್ತೋದಾದ್ರೆ ಇವರನ್ನ ಇಲ್ಲಿ ಇಟ್ಕೊಳ್ಳೋದು ಕಷ್ಟ ಆಗುತ್ತೆ. ಇವರಿಗೂ ಅಪಾಯ, ನಿಮಗೂ ಅಪಾಯ' ಅಂದರು. ಗದರಿಸಿದ್ದಲ್ಲ, ನೆಲ ಒದ್ದೆಯಾಗಿದೆ ನೋಡಿಕೊಳ್ಳಿ ಎಂದ ಹಾಗೆ ಹೇಳಿದರು. ನನಗೆ ಹೆದರಿಕೆಯಾಯಿತು ಕಣೇ. ತುಂಬಾ ಹೆದರಿಕೆಯಾಯಿತು. ಅವರು ಹೋದ ಮೇಲೆ ಹೊಸ ಶರ್ಟು ಬಿಚ್ಚಿ ಹಳೆಯದು ತೊಡಿಸಿ, ರೇಡಿಯೋ ಹಾಕಿದೆ.

ಮಾರನೆಯ ದಿನವೇ ಅವರಿಗೆ ಫೋನ್ ಮಾಡಿ, ಮಂಚದ ಕೆಳಗೆ ಇಂಥದ್ದೊಂದು ಇದೆ, ಹೆಂಡತಿಯ ಮಾತು ಕೇಳಿ ಬಚ್ಚಿಟ್ಟೆ ಎಂದು ಒಪ್ಪಿಕೊಂಡೆ. ನಿನ್ನ ಮೇಲೆ ಹಾಕಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ, ಆಗ ಬೇರೆ ಯಾರೂ ಕೈಗೆ ಸಿಗಲಿಲ್ಲ. 'ಸರಿ, ಇನ್ನೊಂದು ಸಲ ಬರ್ತೀನಿ. ಈ ಸಲ ಇದ್ದದ್ದನ್ನ ಇದ್ದ ಹಾಗೇ ಇಡಿ' ಅಂದರು. ಬಂದವರು ಹಗ್ಗ ಮುಟ್ಟಿದರು, ರಾಟೆ ಹಿಂದಕ್ಕೆ ತಿರುಗದಂತೆ ಹಿಡಿಯುವ ಬೀಗದ ಹಲ್ಲು ನೋಡಿದರು, ಕೈ ಬಿಟ್ಟರೆ ಜಾರುವುದಿಲ್ಲವೇ ಕೇಳಿದರು. ಬಿಲ್ಡಿಂಗುಗಳಲ್ಲಿ ಜನರನ್ನು ಮೇಲೆ ಕೆಳಗೆ ಸಾಗಿಸಿದ ಕೈ ಇದು, ಮರಳು ಚೀಲ ಹಾಕಿ ಪರೀಕ್ಷೆ ಮಾಡಿದ್ದೇನೆ ಎಂದು ಸ್ವಲ್ಪ ಜಂಬದಿಂದಲೇ ಹೇಳಿದೆ. 'ಮರಳು ಚೀಲ ನೋವಾದರೆ ಹೇಳಲ್ಲ. ಮೊದಲು ನನ್ನನ್ನ ಎತ್ತಿ' ಅಂದರು. ಹೇಳಿದವರೇ ಜೋಲಿಯಲ್ಲಿ ಮಲಗಿಬಿಟ್ಟರು. ಇಲಾಖೆಯ ಅಧಿಕಾರಿ ನಮ್ಮ ಮನೆಯ ಸೂರಿನ ಹತ್ತಿರ, ಬೀಟ್‌ರೂಟ್ ಕಲೆಯ ಪಕ್ಕದಲ್ಲಿ ತೂಗಾಡುವುದನ್ನು ಕಂಡು ದೊರೆಗೆ ನಗು ತಡೆಯಲಾಗಲಿಲ್ಲ. ಬಿಕ್ಕಳಿಕೆಯ ಹಾಗೆ ಬರುತ್ತದಲ್ಲ ಅವನ ನಗು, ಅದು ನಿಲ್ಲಲೇ ಇಲ್ಲ. ಮೇಲಿನಿಂದಲೇ ಮೇಡಂ, 'ಎಡತೊಡೆ ಹತ್ತಿರ ಪಟ್ಟಿ ಒತ್ತುತ್ತೆ, ಅಲ್ಲವೇ?' ಎಂದು ಕೇಳಿದರು. ನಾನು, ಹಾಗೇನಿಲ್ಲ ಮೇಡಂ ಅನ್ನುವಷ್ಟರಲ್ಲಿ ದೊರೆ ಕಣ್ಣು ಮೇಲಕ್ಕೆತ್ತಿದ. ಪಟ್ಟಿಗೆ ಹತ್ತಿ ಸುತ್ತಿ ಹೊಲಿದಿದ್ದೇನೆ. ಹೊಲಿಗೆ ಅಂಕುಡೊಂಕು, ನೀನು ಬಂದ ಮೇಲೆ ನಗಬಹುದು.

ಆ ಪ್ರಶ್ನೆಯನ್ನು ಅವರು ಕೇಳಿದ್ದು ನನ್ನನ್ನಲ್ಲ, ಅವನನ್ನು ಎಂದು ಆಮೇಲೆ ತಿಳಿಯಿತು. ಮೊದಲ ದಿನದಿಂದಲೂ ಅವರು ಹಾಗೇ ಕೇಳುತ್ತಿದ್ದರಂತೆ, ನಾನು ಅಡ್ಡ ಬಿದ್ದು ಉತ್ತರ ಕೊಡುತ್ತಿದ್ದೆ. 'ರಾತ್ರಿ ನಿದ್ದೆ ಚೆನ್ನಾಗಿ ಬಂತಾ?' ಅಂದರೆ 'ಚೆನ್ನಾಗಿ ಮಲಗಿದ್ದ ಮೇಡಂ'. 'ಬಾಯಾರಿಕೆ ಆಗಿದೆಯಾ?' ಅಂದರೆ 'ಈಗಷ್ಟೇ ಕುಡಿದ ಮೇಡಂ'. ಕೊನೆಗೆ ನನ್ನ ಕಡೆ ತಿರುಗಿ, 'ಅವರು ಹೇಳಲಿ' ಅಂದರು. 'ಅವನಿಗೆ ಮಾತು ಬರಲ್ಲವಲ್ಲ' ಅಂದೆ. 'ಮಾತು ಬರಲ್ಲ ಸರಿ, ಉತ್ತರ ಬರುತ್ತಲ್ಲ?' ಅಂದರು. ಇನ್ನೊಂದು ವಿಚಿತ್ರ ನೋಡು, ಅವರು ದೊರೆಗೆ 'ನೀವು' ಅನ್ನುತ್ತಾರೆ. 'ನೀವು ಹೇಳಿ', 'ನಿಮಗೆ ಹೇಗನಿಸುತ್ತೆ'. ನಾವು ಅವನಿಗೆ ಕಂದ ಅಂದಿದ್ದೇವೆ, ಪುಟ್ಟ ಅಂದಿದ್ದೇವೆ, ಹೆಸರಿಗೆ ದೊರೆ ಎಂದು ಕರೆದು ಮೂತಿ ಒರೆಸಿದ್ದೇವೆ. ಅವನ ಗಡ್ಡದಲ್ಲಿ ನರೆ ಕಾಣಿಸಿಕೊಂಡಿದೆ, ಆದರೆ 'ನೀವು' ಎಂದು ಅವನನ್ನು ಮಾತಾಡಿಸಿದ ಮೊದಲ ಮನುಷ್ಯರು ಇವರೇ ಇರಬೇಕು. ಮೊದಲ ಸಲ ಕೇಳಿದಾಗ, ಹಿಂದೆ ಇನ್ಯಾರಾದರೂ ನಿಂತಿದ್ದಾರೇನೋ ಎಂದು ನಾನು ತಿರುಗಿ ನೋಡಿದೆ.

ಇನ್ನು ಸ್ನಾನದ ವಿಷಯ. ರಾಟೆ ನೋಡಿದ ದಿನವೇ ಸ್ನಾನದ ಹೊತ್ತಾಯಿತು. ಬಚ್ಚಲನ್ನು ತೋರಿಸಲು ನಾನು ಉತ್ಸಾಹದಲ್ಲಿದ್ದೆ. ಆ ಬಚ್ಚಲಿನಲ್ಲಿ ನನ್ನ ಅರ್ಧ ಆಯುಷ್ಯದ ಬುದ್ಧಿ ಇದೆ. ಮೇಡಂ ಬಾಗಿಲವರೆಗೆ ಬಂದು, 'ನಾನು ಒಳಗೆ ಬರಬಹುದಾ?' ಎಂದು ದೊರೆಯನ್ನು ಕೇಳಿದರು. ಅವನು ಕಣ್ಣು ಬಿಗಿಯಾಗಿ ಮುಚ್ಚಿದ. 'ಸರಿ' ಅಂದು ಹೊರಗೇ ಕೂತುಬಿಟ್ಟರು. ನೋಡಲು ಬಂದವರು ನೋಡದೇ ಇದ್ದರೆ ಹೇಗೆ ಎಂದು ನಾನು ಒತ್ತಾಯ ಮಾಡಿದೆ. 'ಬೇಡ ಅಂದರಲ್ಲ' ಅಂದರು, ಅಷ್ಟೇ. ಉದ್ದಣ್ಣ ಬಾಗಿಲು ಹಾಕಿಕೊಂಡ. ಒಳಗೆ ನೀರಿನ ಸದ್ದು, ಶಿಳ್ಳೆಯ ಸದ್ದು. ಬೇರೆ ಏನೂ ಇಲ್ಲ.

ನಿನಗೆ ಗೊತ್ತು, ದೊರೆಯ ಸ್ನಾನವೆಂದರೆ ಬೀದಿಗೆಲ್ಲ ಸೈರನ್. ಅವನ ಕೂಗು ಕೇಳಿಯೇ ಎದುರು ಮನೆಯ ಟೈಲರ್ ಅಂಗಡಿ ತೆಗೆಯುತ್ತಾನೆ ಎಂದು ನೀನೇ ತಮಾಷೆ ಮಾಡುತ್ತಿದ್ದೆ. ಅದಕ್ಕಾಗಿ ನಾವು ಏನೇನು ಮಾಡಿದೆವು. ನೀರು ಬಿಸಿಯಾಯಿತೇನೋ ಎಂದು ತಣ್ಣಗೆ ಮಾಡಿದೆವು, ತಣ್ಣಗಾಯಿತೇನೋ ಎಂದು ಬಿಸಿ ಮಾಡಿದೆವು. ನಾನು ಬಾಯ್ಲರ್ ಬದಲಿಸಿದೆ, ನಲ್ಲಿ ಬದಲಿಸಿದೆ, ಸ್ನಾನದ ಕುರ್ಚಿಯ ಎತ್ತರ ಬದಲಿಸಿದೆ, ಗಾಳಿ ತಾಕದಿರಲೆಂದು ಕಿಟಕಿ ಮುಚ್ಚಿಸಿದೆ. ನೀನು ಸೋಪು ಬದಲಿಸಿದೆ, ಟವೆಲ್ ಬದಲಿಸಿದೆ, ಅಳುತ್ತಾ ಸ್ನಾನ ಮಾಡಿಸಿದೆ. ಈಗ ಉದ್ದಣ್ಣ ಬಂದ ಮೇಲೆ ಕೂಗಿಲ್ಲ. ಒಂದು ದಿನವೂ ಇಲ್ಲ. ಕೊನೆಗೂ ಬಾಯ್ಲರ್ ಹದಕ್ಕೆ ಬಂತು ಎಂದು ನಾನು ಬೀಗಿದ್ದೆ. ಮೇಡಂ ಮುಂದೆಯೂ ಅದನ್ನೇ ವಿವರಿಸುತ್ತಾ ನಿಂತೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, 'ಇವರ ತಾಯಿ ಸ್ನಾನ ಮಾಡಿಸುವಾಗ ಬಾಗಿಲು ಹಾಕಿರುತ್ತಾ?' ಅಂದರು. ಹೇಗೆ ಹಾಕುವುದು, ಎತ್ತಲು ನನ್ನನ್ನು ಕೂಗಬೇಕಲ್ಲ, ತೆರೆದೇ ಇರುತ್ತೆ ಅಂದೆ. ನಾನು ಬಾಯ್ಲರಿನ ವಿಚಾರವನ್ನು ಅಲ್ಲಿಗೇ ನಿಲ್ಲಿಸಿದೆ.

ಮೂರನೆಯ ಸಲ ಬಂದಾಗ ಅವರು ಫೋಟೋ ಬೇಕೆಂದರು. ನಿನ್ನದು, ನನ್ನದು, ಉದ್ದಣ್ಣನದು. ಒಂದೊಂದರಲ್ಲಿ ಒಬ್ಬೊಬ್ಬರೇ ಇರಬೇಕು. ಎರಡು ಫೋಟೋಗಳನ್ನು ಅವನ ಎಡಗಡೆ ಹಿಡಿದು ಪ್ರಶ್ನೆ ಕೇಳುವುದು, ಅವನ ಕಣ್ಣು ಯಾವುದರ ಮೇಲೆ ನಿಲ್ಲುತ್ತದೆ ನೋಡುವುದು, ಆಮೇಲೆ ಫೋಟೋ ಅದಲು ಬದಲು ಮಾಡಿ ಅದನ್ನೇ ಇನ್ನೊಮ್ಮೆ ಕೇಳುವುದು, ಇದು ಅವರ ಕ್ರಮ. ಬೀರು ಪೂರ್ತಿ ಜಾಲಾಡಿದೆ, ನೀನೊಬ್ಬಳೇ ಇರುವ ಫೋಟೋ ಒಂದೂ ಇಲ್ಲ ಗೊತ್ತಾ? ಎಲ್ಲದರಲ್ಲೂ ನೀನು ಅರ್ಧ ಬಗ್ಗಿರುತ್ತೀಯ, ಅವನ ತಲೆ ಹಿಡಿದುಕೊಂಡೋ ಬಾಯಿ ಒರೆಸುತ್ತಲೋ. ಕೊನೆಗೆ ನಿನ್ನ ಹಳೇ ಬಸ್ ಪಾಸಿನ ಫೋಟೋ ಸಿಕ್ಕಿತು. ಕಂಡಕ್ಟರ್ ಜೊತೆ ಚಿಲ್ಲರೆಗೆ ಜಗಳವಾಡಿ ಬಂದವಳ ಹಾಗೆ ಕಾಣುತ್ತೀಯ. ದೊರೆ ಅದನ್ನು ನೋಡಿದ ಕೂಡಲೇ ಗುರುತು ಹಿಡಿದ.

ತೀರ್ಮಾನ ಹೇಳಿಬಿಡುತ್ತೇನೆ. ದೊರೆ ಮನೆಯಲ್ಲೇ ಇರುತ್ತಾನೆ. ಎಲ್ಲಿರಬೇಕೆಂದು ಅವನನ್ನೂ ಕೇಳಿದರು, ಅವನ ಕಿಟಕಿಯ ಚಿತ್ರ ಮತ್ತು ಕೇಂದ್ರದ ಚಿತ್ರ ತೋರಿಸಿ. ಅವನು ಕಿಟಕಿಯನ್ನೇ ನೋಡಿದ, ಎರಡು ಸಲವೂ. ಊಟ, ಔಷಧಿ, ಮೈಯ ಆರೈಕೆ ಎಲ್ಲ ಚೆನ್ನಾಗಿದೆ, ಇಷ್ಟು ವರ್ಷ ಒಂದು ಹಾಸಿಗೆ ಹುಣ್ಣಾಗದಂತೆ ನೋಡಿಕೊಂಡವರನ್ನು ತಾವು ಹೆಚ್ಚು ಕಂಡಿಲ್ಲ ಎಂದು ಮೇಡಂ ಹೇಳಿದರು. ಆ ಮಾತು ನಿನಗೆ ಸೇರಬೇಕಾದದ್ದು, ತಲುಪಿಸಿದ್ದೇನೆ. ಆದರೆ ಷರತ್ತುಗಳಿವೆ. ಎತ್ತುವುದು ರಾಟೆಯಲ್ಲೇ. ನೀನಂತೂ ಇನ್ನು ಒಂದು ಬಕೆಟ್ ನೀರನ್ನೂ ಎತ್ತಕೂಡದು, ಇದನ್ನು ಅವರೂ ಹೇಳಿದರು, ನಿನ್ನ ಡಾಕ್ಟರೂ ಹೇಳಿದ್ದಾರೆ, ನಾನೂ ಹೇಳುತ್ತಿದ್ದೇನೆ. ಮತ್ತೆ ಅವನಿಗೆ ಸಂಬಂಧಪಟ್ಟದ್ದನ್ನು ಅವನನ್ನೇ ಕೇಳಿ ಮಾಡುವುದು, ಅವನು ಹೇಳಿದ ಹಾಗೆ ನಡೆಯುವುದು. 'ನೋಡಿಕೊಳ್ಳೋದು ಬಹಳ ಚೆನ್ನಾಗಿದೆ. ಕೇಳೋದೊಂದು ಬಾಕಿ ಇದೆ' ಅಂದರು ಹೋಗುವಾಗ. ಮುಂದಿನ ವರ್ಷ ಮತ್ತೆ ಬರುತ್ತಾರಂತೆ. ಉದ್ದಣ್ಣನನ್ನು ಮುಂದುವರಿಸುತ್ತೀರೋ ಇಲ್ಲವೋ ಎಂದು ಏಜೆನ್ಸಿಯವರು ನಿನ್ನೆ ಕೇಳಿದರು, ಅವನಿಗೆ ಇನ್ನೊಂದು ಮನೆಯಿಂದ ಕರೆ ಬಂದಿದೆ.

ಉಳಿದ ಹಾಗೆ ಇಲ್ಲಿ ಎಲ್ಲ ಮಾಮೂಲು. ಮೋರಿಯ ಪೈಪು ಕಟ್ಟಿಕೊಂಡಿತ್ತು, ಬಿಚ್ಚಿದರೆ ನಿನ್ನ ಸ್ಟೀಲ್ ಚಮಚ ಸಿಕ್ಕಿತು. ಕೆಲಸದಾಕೆಯ ಮೇಲೆ ನೀನು ಪಟ್ಟ ಅನುಮಾನವನ್ನು ಹಿಂದಕ್ಕೆ ತಗೋ. ನಿನ್ನ ಕುಂಡದ ಗಿಡಗಳಿಗೆ ದಿನಾ ನೀರು ಹಾಕುತ್ತಿದ್ದೇನೆ, ಒಂದು ಒಣಗಿದೆ, ಅದು ನೀನು ಹೋಗುವ ಮುಂಚೆಯೇ ಒಣಗಿತ್ತು ಎಂದು ನಾನು ವಾದಿಸಲಿದ್ದೇನೆ. ಎದುರು ಮನೆಯ ಟೈಲರ್ ಈಗ ಅಲಾರಂ ಗಡಿಯಾರ ಕೊಂಡಿದ್ದಾನೆ. ಹವಾಮಾನ ವರದಿಯ ಹೊತ್ತಿಗೆ ದೊರೆ ನಿನ್ನ ಖಾಲಿ ಕುರ್ಚಿಯ ಕಡೆ ನೋಡುತ್ತಾನೆ, ನಾನು ಹೋಗಿ ಕೂತರೆ ಮುಖ ಆ ಕಡೆ ತಿರುಗಿಸುತ್ತಾನೆ. ನನಗೆ ಮಳೆ ಬಿಸಿಲಿನ ಮೇಲೆ ಅಭಿಪ್ರಾಯ ಹೇಳಲು ಬರುವುದಿಲ್ಲ, ನೀನಾದರೆ ವರದಿಗಾರನ ಜೊತೆಗೇ ಜಗಳಕ್ಕೆ ನಿಲ್ಲುತ್ತೀಯ.

ಪಟ್ಟಿ ಕಟ್ಟಿಕೋ. ಬಗ್ಗಬೇಡ. ನಿಮ್ಮಕ್ಕ ಹಾಕಿದಷ್ಟು ಊಟ ಮಾಡು, ಜಗಳವನ್ನು ಊಟದ ನಂತರಕ್ಕೆ ಇಟ್ಟುಕೋ. ಆ ಮನೆಯ ದೊಡ್ಡವರಿಗೆಲ್ಲ ನನ್ನ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಬೇಗ ಗುಣವಾಗಿ ಬಾ, ಮನೆ ಬಿಕೋ ಅನ್ನುತ್ತಿದೆ.

ಇಂತಿ ನಿನ್ನ
'ರೀ'

ತಾ.ಕ.: ಲಕೋಟೆ ಅಂಟಿಸಿದ್ದವನು ಮತ್ತೆ ಬಿಚ್ಚಿದ್ದೇನೆ. ಹೇಳಬೇಕಾದದ್ದನ್ನು ಬಿಟ್ಟು ಮೋರಿ ಪೈಪಿನ ಕಥೆ ಬರೆದು ಸಹಿ ಹಾಕಿದ್ದೇನೆ. ಅಂಚೆಗೆ ಹಾಕಲು ಉದ್ದಣ್ಣ ಬಾಗಿಲಲ್ಲಿ ನಿಂತಿದ್ದಾನೆ, ಹಾಗಾಗಿ ಸುತ್ತಿ ಬಳಸಿ ಹೇಳಲು ಹೊತ್ತಿಲ್ಲ. 'ಸ್ನಾನ ಯಾರು ಮಾಡಿಸಬೇಕು?' ಎಂದು ಮೇಡಂ ಫೋಟೋ ಹಿಡಿದು ಕೇಳಿದರು. ದೊರೆ ಉದ್ದಣ್ಣನನ್ನು ನೋಡಿದ. ಅದಲು ಬದಲು ಮಾಡಿದರು, ಆಗಲೂ ಅವನನ್ನೇ ನೋಡಿದ. ನಾನು ನಂಬಲಿಲ್ಲ. ಅವರು ಹೋದ ಮೇಲೆ ನಾನೇ ಪಕ್ಕದಲ್ಲಿ ಕೂತು, 'ಅಮ್ಮ ವಾಪಸ್ ಬಂದ ಮೇಲೂ ಉದ್ದಣ್ಣನೇ ಮಾಡಿಸಬೇಕಾ?' ಎಂದು ಕೇಳಿದೆ. ಕಣ್ಣು ಮೇಲಕ್ಕೆತ್ತಿದ, ಇಳಿಸಲೇ ಇಲ್ಲ. ನೀರಿನ ತಪ್ಪಲ್ಲ ಕಣೇ. ನಿನ್ನ ಕೈಯ ತಪ್ಪೂ ಅಲ್ಲ. ಅವನು ಗಂಡಸಾಗಿ ಎಷ್ಟೋ ವರ್ಷವಾಯಿತು, ತೆರೆದ ಬಾಗಿಲಲ್ಲಿ ತಾಯಿಯ ಮುಂದೆ ಬಟ್ಟೆಯಿಲ್ಲದೆ ಕೂರಲು ಅವನಿಗೆ ನಾಚಿಕೆ. ಅದನ್ನೇ ದಿನಾ ಕೂಗಿ ಹೇಳುತ್ತಿದ್ದ, ನಾವು ಬಾಯ್ಲರ್ ಬದಲಿಸುತ್ತಿದ್ದೆವು. ನಿನಗೆ ನೋವಾಗುತ್ತದೆ, ನನಗೂ ಆಯಿತು. ಉದ್ದಣ್ಣನಿಗೆ ಇರು ಎಂದು ಹೇಳಿದ್ದೇನೆ. ನಿನ್ನನ್ನು ಕೇಳದೆ ಹೇಳಿದ್ದು, ಬೈಯುವುದಾದರೆ ನನ್ನನ್ನು ಬೈ, ಅವನನ್ನಲ್ಲ. 'ಊಟ ಯಾರು ಮಾಡಿಸಬೇಕು, ಸಂಜೆ ರೇಡಿಯೋ ಹತ್ತಿರ ಯಾರು ಕೂರಬೇಕು?' ಎಂದಾಗ ಆ ಜಗಳಗಂಟಿ ಬಸ್ ಪಾಸಿನ ಮೇಲೆ ನಿಂತ ಕಣ್ಣು ಅಲ್ಲಾಡಲಿಲ್ಲ. ಫೋಟೋ ಹಿಂದಕ್ಕೆ ತೆಗೆದುಕೊಂಡಿದ್ದಕ್ಕೆ ಮೇಡಂ ಮೇಲೆ ಗುರ್ ಅಂದ. ಇನ್ನೊಂದೇ ಮಾತು. ನಾನು ನಿವೃತ್ತನಾದಾಗ ತಂದಿದ್ದ ಹಳೇ ಲಿಫ್ಟಿನ ದಪ್ಪ ಗುಂಡಿಯನ್ನು ಅವನ ಎಡಮೊಣಕೈಗೆ ಸಿಗುವ ಹಾಗೆ ಜೋಡಿಸಿದ್ದೇನೆ. ಒತ್ತಿದರೆ ಅವನ ಕೋಣೆಯ ಬಾಗಿಲ ಹೊರಗೆ ಗಂಟೆ ಹೊಡೆಯುತ್ತದೆ. ಗಂಟೆ ಹೊಡೆದರೆ ಒಳಗೆ ಬನ್ನಿ ಎಂದರ್ಥ. ನಿನ್ನೆ ಬಾಗಿಲು ತಟ್ಟಿ ಬಹಳ ಹೊತ್ತು ನಿಂತೆ, ಒತ್ತಲಿಲ್ಲ. ಸಿಟ್ಟು ಬಂತು, ಆಮೇಲೆ ನಗು ಬಂತು, ಹಿಂತಿರುಗಿ ಬಂದೆ. ನೀನು ಬಂದಾಗ ಅಭ್ಯಾಸ ಬಲದಿಂದ ಒಳಗೆ ನುಗ್ಗಬೇಡ. ಚೀಲ ಕೆಳಗಿಟ್ಟು, ಬಾಗಿಲು ತಟ್ಟಿ, ನಿಂತಿರು. ಅವನಿಗೆ ಮೊಣಕೈ ಗುಂಡಿಯವರೆಗೆ ತರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ನಿನಗಾದರೆ ಒತ್ತುತ್ತಾನೆ.